ಮೆಲುಕು ಹಾಕದ ಕುದುರೆ

ಜೈಲಿನಲ್ಲಿ ಪಶುಪಾಲನೆ ಕಲಿಸಲು ಒಪ್ಪಿಕೊಂಡಾಗ ದನದ ಪಾಠ ಎಂದುಕೊಂಡಿದ್ದೆ. ಪಶು ಆಸ್ಪತ್ರೆಯಲ್ಲೇ ಕಾಂಪೌಂಡರ್ ಆಗಿ ಆಯುಷ್ಯ ಕಳೆದು ನಿವೃತ್ತನಾದವನು ಮತ್ತೇನು ಅಂದುಕೊಂಡಾನು? ಮೊದಲ ದಿನವೇ ಗೊತ್ತಾಯಿತು, ಅಲ್ಲಿದ್ದ ಹನ್ನೊಂದು ಮಂದಿಯಲ್ಲಿ ಅರ್ಧಕ್ಕರ್ಧ ಜನ ದನದ ವಿಷಯದಲ್ಲಿ ನನಗೇ ಪಾಠ ಹೇಳುವವರು. ಅವರಿಗೆ ಬೇಕಾದದ್ದು ಕುದುರೆಯ ಪಾಠ. ಶಿರಸಿಯವನೊಬ್ಬ ಹೊಡೆದಾಟದ ಕೇಸಿನಲ್ಲಿ ಒಳಗಿದ್ದ. ಮದುವೆ ಮೆರವಣಿಗೆಗೆ ಹೋಗುವ ಅವನ ಬಿಳಿ ಹೆಣ್ಣು ಕುದುರೆಯನ್ನು ಅವನ ತಮ್ಮ ಪಾಠಕ್ಕೆಂದು ವಾರಕ್ಕೊಮ್ಮೆ ಜೈಲಿನ ಅಂಗಳಕ್ಕೆ ತಂದು ಕಟ್ಟುತ್ತಿದ್ದ. ಅವರ ಮನೆಯ ಅನ್ನ ಅದೊಂದರಿಂದಲೇ.

ಬಿಳಿ ಮೈಮೇಲೆ ಸೀಮೆಸುಣ್ಣ ಕಾಣುವುದಿಲ್ಲ. ಇದ್ದಿಲಿನಿಂದ ಗೆರೆ ಎಳೆದು ಭುಜದ ಮೂಳೆ, ಪಕ್ಕೆಲುಬು, ಕರುಳಿರುವ ಜಾಗ ತೋರಿಸಿದೆ. ತೊಳೆಯುವಾಗ ಆ ತಮ್ಮ ನನ್ನನ್ನು ಚೆನ್ನಾಗಿ ಬೈದನಂತೆ. ಎಲ್ಲ ಹೇಳಿದೆ, ಕುದುರೆ ಮೆಲುಕು ಹಾಕುವುದಿಲ್ಲ ಎಂಬುದೊಂದನ್ನು ಹೇಳಲಿಲ್ಲ. ಅದನ್ನೂ ಹೇಳಬೇಕೇ ಎಂದುಕೊಂಡಿದ್ದೆ, ನನ್ನ ತಲೆ.

ನಾಲ್ಕನೆಯ ವಾರ ನಾನು ಹೋಗುವಷ್ಟರಲ್ಲಿ ಕುದುರೆ ಬೆವತು ನೆಲ ಕೆರೆಯುತ್ತಿತ್ತು, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿತ್ತು. ಪಕ್ಕದಲ್ಲಿ ಖಾಲಿ ಬಕೆಟ್. ಜಮೀನಿನ ಗಡಿ ಜಗಳದಲ್ಲಿ ಒಳಗೆ ಬಂದಿದ್ದ ಸಿದ್ದಾಪುರದ ಕಡೆಯ ಮುದುಕರೊಬ್ಬರು ಬಾಟಲಿಯಲ್ಲಿ ಶುಂಠಿ ಕಷಾಯ ತುಂಬಿಕೊಂಡು, ದನಕ್ಕೆ ಸುರಿದ ಹಾಗೆ ಸುರಿಯಲು ನಿಂತಿದ್ದರು.

"ಬೆಳಿಗ್ಗಿಂದ ನಾನು ನೋಡ್ತಾ ಇದ್ದಿ, ಒಂದ್ಸಲನೂ ಮೆಲುಕು ಹಾಕಿದ್ದಿಲ್ಲೆ. ಸೊರಗಿದ್ದು ಹೇಳಿ ನಾನೇ ಅನ್ನ, ತೌಡು ಕಲಸಿ ಕೊಟ್ಟಿ," ಎಂದರು.

ಕುದುರೆ ಮೆಲುಕೇ ಹಾಕುವುದಿಲ್ಲ; ಆ ಅನ್ನ, ತೌಡೇ ಅದರ ಹೊಟ್ಟೆ ಕಟ್ಟಿಸಿತ್ತು. ಬಾಟಲಿ ಕಿತ್ತುಕೊಂಡೆ. ಆ ಕಷಾಯ ಶ್ವಾಸಕೋಶಕ್ಕೆ ಇಳಿದರೆ ಮುಗಿಯಿತು. ಡಾಕ್ಟರಿಗೆ ಫೋನ್ ಮಾಡಿಸಿದರೆ ಅವರು ಯಲ್ಲಾಪುರದಲ್ಲಿ. ಬರಲು ಒಂದೂವರೆ ಗಂಟೆ, ಅಲ್ಲಿಯವರೆಗೆ ಹೊರಳಲು ಬಿಡದೆ ನಡೆಸಿ ಎಂದರು.

ಮುದುಕರು ಹಗ್ಗಕ್ಕೆ ಕೈ ಹಾಕಿದರು. "ಮುಟ್ಟಬ್ಯಾಡ್ರಿ ಅಜ್ಜಾರೆ, ಆ ಕಡೆ ಹೋಗ್ರಿ," ಎಂದ ಕುದುರೆಯವನು. ದನಿ ಏರಿಸಲಿಲ್ಲ. ಅವರು ಗೋಡೆಗೆ ಒರಗಿ ಕುಳಿತರು. ಅವನು ಸುತ್ತು ಹಾಕುತ್ತಲೇ ಇದ್ದ.

"ಉಳಿತಾಳಲ್ರಿ ಸರ್?"

"ನಡೆಸು," ಎಂದೆ.

ಹೊಟ್ಟೆಯಲ್ಲಿ ಗುಡುಗುಡು ಸದ್ದಿರಬೇಕು ಎಂದು ನಾನೇ ಕಲಿಸಿದ್ದೆ. ಒಬ್ಬೊಬ್ಬರಾಗಿ ಪಕ್ಕೆಗೆ ಕಿವಿಯಿಟ್ಟರು, ಸದ್ದು ಕೇಳಿಸದೆ ಒಬ್ಬೊಬ್ಬರಾಗಿ ನನ್ನ ಮುಖ ನೋಡಿದರು. ತಪ್ಪು ಮುದುಕರದ್ದಲ್ಲ, ನನ್ನದು ಎಂದು ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ.

ಡಾಕ್ಟರು ಬಂದು ಮೂಗಿನಿಂದ ನಳಿಕೆ ಇಳಿಸಿ ಎಣ್ಣೆ ಬಿಟ್ಟರು, ಇಂಜೆಕ್ಷನ್ ಕೊಟ್ಟರು. ಮತ್ತೆ ನಡಿಗೆ. ಬಿಸಿಲು ಗೋಡೆ ಹತ್ತುವ ಹೊತ್ತಿಗೆ ಕುದುರೆ ಬಾಲ ಎತ್ತಿ ಲದ್ದಿ ಹಾಕಿತು. ಉಳಿದ ಹತ್ತು ಮಂದಿ, ಕಾವಲಿನ ಇಬ್ಬರು, ನಾನು, ಎಲ್ಲರೂ ಅದರ ಸುತ್ತ ನಿಂತು ಮದುವೆಮನೆಯವರ ಹಾಗೆ ನಕ್ಕೆವು. ಹೋದ ಜೀವ ಬಂದಂತಾಯಿತು. ಆಗ ಬಾಯಿ ಬಂತು. "ತಪ್ಪು ನನ್ನದು, ನಾನು ಹೇಳಿಕೊಡಲಿಲ್ಲ," ಎಂದೆ.

ಮುದುಕರು ಗೋಡೆ ಬಿಟ್ಟು ಎದ್ದಿರಲಿಲ್ಲ. ಇನ್ನೂ ಒಂದಷ್ಟು ಹೊತ್ತು ನಡೆಸಿ ಎಂದಿದ್ದರು ಡಾಕ್ಟರು. ಕುದುರೆಯವನು ಹಗ್ಗ ಹಿಡಿದು ಅವರ ಮುಂದೆ ಹೋಗಿ ನಿಂತ.

"ನನ್ನ ಕಾಲು ಸೋತಾವ್ರಿ ಅಜ್ಜಾರೆ. ಈ ಸುತ್ತು ನೀವು ಹಿಡೀರಿ."