ಹಳದಿ ಗಾಡಿ ಎಷ್ಟು ಹೋದವು

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಊಟದ ಬಿಡುವು ಹನ್ನೆರಡೂವರೆಯಿಂದ ಒಂದು ಗಂಟೆಯವರೆಗೆ. ಈ ನಿಯಮ ಮಾಡಿದವನು ನಾನು. ಕೆಲಸ ಕೈತುಂಬ ಇದ್ದಾಗಲೂ ಅರ್ಧ ಗಂಟೆ, ಇಲ್ಲದಾಗಲೂ ಅರ್ಧ ಗಂಟೆ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಸೈರನ್ನಿಗೆ ಎದ್ದು ಸೈರನ್ನಿಗೆ ಕೂತವನು ನಾನು. ನಿವೃತ್ತನಾದ ಮೇಲೆ ಈ ಸಣ್ಣ ಶೆಡ್ಡಿಗೆ ಸೂಪರ್‌ವೈಸರ್ ಆಗಿ ಬಂದೆ. ಇಲ್ಲಿ ಸೈರನ್ ಇರಲಿಲ್ಲ, ನನ್ನ ಕೈಗಡಿಯಾರ ಇತ್ತು.

ಹಾಗಾಗಿ ನಮ್ಮ ಗ್ರೈಂಡಿಂಗ್ ಮೆಷಿನ್ನಿನವನು ಒಂದು ಮಂಗಳವಾರ ಊಟ ಮುಗಿಸಿ ಒಂದೂ ಇಪ್ಪತ್ತಕ್ಕೆ ಬಂದಾಗ ನನ್ನ ಕಣ್ಣಿಗೆ ಬಿತ್ತು. ಬುಧವಾರ ಒಂದೂ ಇಪ್ಪತ್ತೆರಡು. ಗುರುವಾರ ಒಂದೂ ಹದಿನೆಂಟು. ಒಂದು ದಿನ ತಡವಾದರೆ ಅದು ತಡ. ಮೂರು ದಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತಡವಾದರೆ ಅದರ ಹಿಂದೆ ಒಂದು ಏರ್ಪಾಡು ಇರುತ್ತದೆ.

ಅದು ಕೆಲಸ ಬತ್ತಿಹೋಗಿದ್ದ ಕಾಲ. ಮಣ್ಣು ಅಗೆಯುವ ದೊಡ್ಡ ಹಳದಿ ಯಂತ್ರಗಳಿಗೆ ನಾವು ಉಕ್ಕಿನ ಪಿನ್ನು ಮಾಡಿಕೊಡುತ್ತೇವೆ. ಆ ಯಂತ್ರ ಮಾಡುವ ಕಂಪನಿ ಒಂದು ತಿಂಗಳಿಂದ ಒಂದು ಪಿನ್ನನ್ನೂ ಕೇಳಿರಲಿಲ್ಲ. ನಾವು ಮೆಷಿನ್ನುಗಳನ್ನು ಒರೆಸಿದೆವು, ಎಣ್ಣೆ ಹಾಕಿದೆವು, ಒರೆಸಿದ್ದನ್ನೇ ಮತ್ತೆ ಒರೆಸಿದೆವು. ಆ ಹೊತ್ತಿಗೆ ಇಬ್ಬರು ಆಪರೇಟರುಗಳು ಬೇರೆ ಶೆಡ್ಡು ಹುಡುಕಿಕೊಂಡು ಹೋಗಿದ್ದರು. ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, “ಆರ್ಡರ್ ಬಂದೇ ಬರತ್ತೆ ಸಾರ್, ಯಾವಾಗ ಅಂತ ಮಾತ್ರ ಗೊತ್ತಿಲ್ಲ. ಅಲ್ಲೀತನಕ ಗ್ರೈಂಡಿಂಗ್ ಅವನನ್ನ ಹೆಂಗಾದ್ರೂ ಉಳಿಸ್ಕೊಳ್ಳಿ. ಅವ್ನು ಹೋದ್ರೆ ಶಟರ್ ಎಳ್ಯೋದೇ,” ಎಂದರು. ಅದು ಉತ್ಪ್ರೇಕ್ಷೆಯಲ್ಲ. ಪಿನ್ನಿನ ಕೊನೆಯ ಅಳತೆ ತಲೆಗೂದಲನ್ನು ಹತ್ತು ಸೀಳು ಸೀಳಿದಷ್ಟು ಸೂಕ್ಷ್ಮ. ಆ ಅಳತೆ ನಮ್ಮಲ್ಲಿ ಅವನೊಬ್ಬನ ಕೈಗೆ ಮಾತ್ರ ಸಿಗುತ್ತಿತ್ತು. ಬಾಗಲಕೋಟೆ ಕಡೆಯವನು, ಲಗ್ಗೆರೆಯಲ್ಲಿ ಒಂದು ಕೋಣೆ ಮಾಡಿಕೊಂಡು ಹೆಂಡತಿ ಮಗಳೊಂದಿಗೆ ಇದ್ದ. ಏಳು ವರ್ಷದಲ್ಲಿ ಅವನ ಪಿನ್ನುಗಳಲ್ಲಿ ನಾನು ತಿರಸ್ಕರಿಸಿದ್ದು ಒಂದು ಕೈಯ ಬೆರಳಿನಷ್ಟು.

ಶುಕ್ರವಾರ ನಾನು ಅವನ ಹಿಂದೆ ಹೋದೆ. ಅವನು ಬೈಕಿನಲ್ಲಿ, ನಾನು ನನ್ನ ಹಳೆಯ ಸ್ಕೂಟರಿನಲ್ಲಿ, ನಡುವೆ ಎರಡು ಆಟೋ ಇರುವಂತೆ ನೋಡಿಕೊಂಡು. ಅವನು ಹೋಗಿ ನಿಂತದ್ದು ಚಿಕ್ಕಬಾಣಾವರದ ಕಡೆ ಹೋಗುವ ರೈಲು ಹಳಿಯ ಪಕ್ಕದಲ್ಲಿ. ಅಲ್ಲಿ ಹಿಂದೆ ಗೇಟು ಇತ್ತು, ಕೆಳಸೇತುವೆ ಆದ ಮೇಲೆ ಮುಚ್ಚಿದರು. ಗೇಟಿನ ಕಾಂಕ್ರೀಟು ಕಟ್ಟೆ, ಒಂದು ಹೊಂಗೆ ಮರ, ಬೇಲಿಯ ಈಚೆಗೆ ಒಂದಿಷ್ಟು ದಿಬ್ಬ ಉಳಿದಿದೆ. ಸಂಜೆ ಮತ್ತು ಭಾನುವಾರ ಅಲ್ಲಿ ಜಾತ್ರೆ: ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ತಾತಂದಿರು, ಚುರುಮುರಿ ಗಾಡಿ, ಸೆಲ್ಫಿ. ಮಧ್ಯಾಹ್ನ ಮಾತ್ರ ಖಾಲಿ. ಆ ಹೊತ್ತಿನಲ್ಲಿ ರೈಲೂ ಕಡಿಮೆ.

ರೈಲಿಲ್ಲದ ಹೊತ್ತಿನಲ್ಲಿ ರೈಲು ನೋಡಲು ಬರುವವನು ಬೇರೆ ಏನನ್ನೋ ನೋಡಲು ಬಂದಿರುತ್ತಾನೆ ಎಂದು ನಾನು ತೀರ್ಮಾನಿಸಿದೆ.

ದಿಬ್ಬದ ಕೆಳಗೆ ಒಂದು ಟೀ ಅಂಗಡಿ. ನಡೆಸುವವಳು ಆ ಊರಿನ ಮೂಲದ ಗೌಡ್ತಿ. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವಳ ಹದಿನಾಲ್ಕು ಬಾಡಿಗೆ ಮನೆಗಳಿವೆ. ಮನೆಯಲ್ಲಿ ಕೂತರೆ ಸೊಂಟ ಹಿಡಿಯುತ್ತದೆಂದು ಟೀ ಕಾಸುತ್ತಾಳೆ. ನಾನು ಅಲ್ಲಿ ಬೆಂಚಿನ ಮೇಲೆ ಕೂತು ಮೇಲೆ ನೋಡಿದೆ. ನಮ್ಮವನು ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ. ಅವನ ಪಕ್ಕದಲ್ಲಿ ಹೆಲ್ಮೆಟ್ ತೊಡೆಯ ಮೇಲೆ ಇಟ್ಟುಕೊಂಡ ನಲವತ್ತರ ಆಸುಪಾಸಿನ ಒಬ್ಬ. ಒಳ್ಳೆಯ ಬೂಟು, ದುಬಾರಿ ಬೈಕು, ಕೂಲಿಗಾರನಂತೂ ಅಲ್ಲ. ನಮ್ಮವನು ಜೇಬಿನಿಂದ ಒಂದು ರಟ್ಟು ತೆಗೆದ. ಅದು ನಮ್ಮ ಶೆಡ್ಡಿನ ಜಾಬ್ ಕಾರ್ಡು. ಪಿನ್ನಿನ ಅಳತೆಯನ್ನೆಲ್ಲ ಬರೆದಿಡುವ ಆ ಹಸಿರು ರಟ್ಟನ್ನು ನಾನು ನೂರು ಅಡಿಯಿಂದ ಗುರುತಿಸಬಲ್ಲೆ. ಹೆಲ್ಮೆಟ್ಟಿನವನು ಬಗ್ಗಿ ನೋಡಿದ, ತನ್ನ ಫೋನು ತೆಗೆದ, ಇಬ್ಬರೂ ಫೋನಿನೊಳಗೆ ತಲೆ ಹಾಕಿದರು.

ನನಗೆ ಎಲ್ಲ ತಿಳಿದುಹೋಯಿತು. ಬೇರೆ ಶೆಡ್ಡಿನವನು ಇವನನ್ನು ಎಳೆದುಕೊಳ್ಳುತ್ತಿದ್ದಾನೆ, ಬರುವಾಗ ನಮ್ಮ ಅಳತೆಗಳನ್ನೂ ತರಲು ಹೇಳಿದ್ದಾನೆ.

ಗೌಡ್ತಿ ಲೋಟ ತಂದಿಟ್ಟು ನನ್ನ ದೃಷ್ಟಿ ಹೋದ ಕಡೆಗೆ ತಾನೂ ನೋಡಿದಳು. “ಏನ್ ಸ್ವಾಮಿ, ರೈಲ್ ನೋಡಾಕ್ ಬಂದ್ರಾ, ಮನುಸರ್ನ ನೋಡಾಕ್ ಬಂದ್ರಾ?”

“ರೈಲು,” ಎಂದೆ.

“ರೈಲು ಅಳಿ ಮ್ಯಾಲ್ ಬರ್ತದೆ. ನೀವು ಕಟ್ಟೆ ಮ್ಯಾಲ್ ನೋಡ್ತಾ ಇದೀರಿ.”

ನಾನು ಟೀ ಮುಗಿಸಿ ಎದ್ದೆ. ಹೊರಡುವಾಗ ಆ ದುಬಾರಿ ಬೈಕಿನ ನಂಬರನ್ನು ಡೈರಿಯಲ್ಲಿ ಬರೆದುಕೊಂಡೆ. ಅವಳು ಅದನ್ನೂ ನೋಡಿದಳು.

ನಮ್ಮ ಹಳೆಯ ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ತಪಾಸಣೆಯವನ ಮೇಲೆ ಅನುಮಾನ ಬಂದರೆ ನೂರು ಒಳ್ಳೆಯ ಭಾಗಗಳ ನಡುವೆ ಗೊತ್ತಿದ್ದೇ ಒಂದು ಕೆಟ್ಟ ಭಾಗವನ್ನು ಸೇರಿಸಿ ಅವನ ಮೇಜಿಗೆ ಕಳಿಸುತ್ತಿದ್ದೆವು. ಹಿಡಿದರೆ ಆಳು ಸರಿ. ಬಿಟ್ಟರೆ ಅಳೆಯದೆಯೇ ಮುದ್ರೆ ಒತ್ತುತ್ತಿದ್ದಾನೆ ಎಂದರ್ಥ. ನನ್ನ ಮೇಜಿಗೂ ಹಾಗೆ ಎರಡು ಸಲ ಕಳಿಸಿದ್ದರು, ಎರಡನ್ನೂ ಹಿಡಿದಿದ್ದೆ. ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಸೋಮವಾರ ಬೆಳಿಗ್ಗೆ ನಾನು ಅದನ್ನೇ ಮಾತಿನಲ್ಲಿ ಮಾಡಿದೆ. ಅವನೊಬ್ಬನನ್ನೇ ಮೆಷಿನ್ನಿನ ಹಿಂದೆ ಕರೆದು, “ಯಾರಿಗೂ ಹೇಳ್ಬೇಡ. ಇನ್ನು ಇಪ್ಪತ್ತು ದಿನಕ್ಕೆ ದೊಡ್ಡ ಆರ್ಡರ್ ಬರ್ತಾ ಇದೆ. ಎರಡು ಪಾಳಿ ಓಡಿಸ್ಬೇಕಾಗತ್ತೆ,” ಎಂದೆ. ಅದು ಸುಳ್ಳು. ಸುದ್ದಿ ಬೇರೆ ಶೆಡ್ಡುಗಳ ಕಡೆಯಿಂದ ತಿರುಗಿ ನನ್ನ ಕಿವಿಗೆ ಬಿದ್ದರೆ ಹೊರಗೆ ಒಯ್ದವನು ಇವನೇ ಎಂದು ಖಚಿತವಾಗುತ್ತಿತ್ತು.

ಅವನು ನನ್ನ ಮುಖವನ್ನೇ ನೋಡಿದ. ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಪಡಲಿಲ್ಲ. “ಹೌದೇನ್ರಿ,” ಎಂದು ಬಟ್ಟೆ ತೆಗೆದುಕೊಂಡು ಒರೆಸಿದ್ದನ್ನೇ ಒರೆಸತೊಡಗಿದ. ಅದನ್ನೂ ನಾನು ಅವನ ವಿರುದ್ಧವೇ ಬರೆದುಕೊಂಡೆ.

ಮೂರು ದಿನ ನಾನು ಕಿವಿ ತೆರೆದು ಓಡಾಡಿದೆ. ಪಕ್ಕದ ಶೆಡ್ಡಿನವರ ಹತ್ತಿರ ಬೇಕೆಂದೇ ನಿಂತು ಮಾತಾಡಿದೆ. ಯಾರ ಬಾಯಲ್ಲೂ ನಮ್ಮ ಆರ್ಡರಿನ ಸುದ್ದಿ ಇರಲಿಲ್ಲ. ಯಾರೂ ಕೇಳದೇ ಇರುವುದೂ ನನಗೆ ಅನುಮಾನಕ್ಕೆ ಕಾರಣವಾಯಿತು. ಎಲ್ಲರಿಗೂ ಗೊತ್ತಿದ್ದೇ ಸುಮ್ಮನಿದ್ದಾರೆ ಎನ್ನಿಸಿತು.

ಗುರುವಾರ ಮತ್ತೆ ಹಳಿಯ ಹತ್ತಿರ ಹೋದೆ. ಈ ಸಲ ಹೆಲ್ಮೆಟ್ಟಿನವನು ಇರಲಿಲ್ಲ. ನಮ್ಮವನು ಕಟ್ಟೆಯ ಮೇಲಿಂದಲೇ ಕೈ ಬೀಸಿದ. “ಬರ್ರಿ ಸರ್ರ, ಮ್ಯಾಲ ಬರ್ರಿ. ಕೆಳಗ ಕುಂತ್ರ ಏನ್ ಕಾಣ್ತೈತಿ ನಿಮಗ?”

ಗೌಡ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಬೇರೆ ದಾರಿಯಿಲ್ಲದೆ ದಿಬ್ಬ ಹತ್ತಿದೆ.

“ಒಂದ್ ಮಾತು ಕೇಳ್ಲೇನ್ರಿ?”

“ಕೇಳು.”

“ಆರ್ಡರ್ ಬರ್ತೈತಿ ಅಂದ್ರಲ್ರಿ. ಯಾರ್ದು?”

“ಅದೇ ಕಂಪನಿದು. ಮಾಮೂಲಿಂದು.”

ಅವನು ಜೇಬಿನಿಂದ ಹಸಿರು ರಟ್ಟು ತೆಗೆದು ನನ್ನ ಕೈಗೆ ಕೊಟ್ಟ. ಹಳೆಯ ಜಾಬ್ ಕಾರ್ಡು, ಕೆಲಸ ಮುಗಿದು ಎಸೆಯಬೇಕಾದದ್ದು. ಹಿಂಬದಿಯಲ್ಲಿ ಬಾಲ್‌ಪೆನ್ನಿನಲ್ಲಿ ದಿನಕ್ಕೊಂದು ಸಾಲು. ಎಲ್ಲ ಸಾಲಿನಲ್ಲೂ ಸೊನ್ನೆ, ಒಂದು ಸಾಲಿನಲ್ಲಿ ಮಾತ್ರ ಎರಡು.

“ಅವರು ಮಾಡೋ ಹಳದಿ ಗಾಡಿ ಈ ಹಳಿ ಮ್ಯಾಲ ಹೋಗ್ತಾವ್ರಿ. ಗೂಡ್ಸಿನಾಗ, ತೆರದ ಡಬ್ಬಿ ಮ್ಯಾಲ ಕಟ್ಟಿ ಒಯ್ತಾರ. ಮಧ್ಯಾಹ್ನದಾಗ ಗೂಡ್ಸ್ ಬಿಡ್ತಾರ. ಹೋದ ವರ್ಷ ಗಾಡಿ ಹೋಗಾಕ ಚಾಲೂ ಆದ ಮ್ಯಾಲ ಹದಿನೈದ್ ದಿನಕ್ಕ ನಮಗ ಕೆಲಸ ಬಂತು. ನಾ ಎಣಿಸೀನಿ. ಈಗ ಒಂದ್ ತಿಂಗಳಾತು, ಎರಡಽ ಗಾಡಿ. ಅದಕ್ಕ ಹೋದ ವಾರದಿಂದ ಒಂದೀಟು ಜಾಸ್ತಿ ಹೊತ್ತು ಕಾಯಾಕತ್ತೀನಿ. ಮಾಡಿದ್ದ ಗಾಡಿನಽ ಅವರ ಅಂಗಳದಾಗ ತುಂಬಿ ನಿಂತಿರಬೇಕಾದ್ರ ಹೊಸಾ ಪಿನ್ನು ತಗೊಂಡ್ ಅವರೇನ್ ಉಪ್ಪಿನಕಾಯಿ ಹಾಕ್ತಾರೇನ್ರಿ?”

ನಾನು ಮೂವತ್ತನಾಲ್ಕು ವರ್ಷ ಅಳೆದು ನೋಡಿಯೇ ಒಪ್ಪಿದವನು. ಅವನ ಲೆಕ್ಕದಲ್ಲಿ ಹುಡುಕಲು ತಪ್ಪು ಇರಲಿಲ್ಲ.

“ಮಾಲಕರು ಶೆಡ್ ಮಾರಾಕತ್ತಾರೇನ್ರಿ? ಅಲ್ಲೀಮಟ ಓಡಿ ಹೋಗಬಾರ್ದು ಅಂತ ನಿಮ್ಮ ಕಡಿಂದ ಹಿಂಗ ಹೇಳ್ಸ್ಯಾರೇನ್ರಿ?”

“ಇಲ್ಲ. ಯಾರೂ ಹೇಳ್ಸಿಲ್ಲ.”

“ಹಂಗಾರ ಯಾಕ ಹೇಳಿದ್ರಿ?”

ಒಂದು ಎಂಜಿನ್ನು ಒಂಟಿಯಾಗಿ, ಬೋಗಿಯಿಲ್ಲದೆ, ಯಶವಂತಪುರದ ಕಡೆ ಹೋಯಿತು. ಅದರ ಸದ್ದು ಇಳಿದ ಮೇಲೆ “ನಿನ್ನನ್ನ ಪರೀಕ್ಷೆ ಮಾಡೋಕೆ,” ಎಂದು ಎಲ್ಲವನ್ನೂ ಹೇಳಿದೆ: ತಡವಾದ ನಿಮಿಷಗಳು, ಹಸಿರು ರಟ್ಟು, ಹೆಲ್ಮೆಟ್ಟಿನವನು, ಬೇರೆ ಶೆಡ್ಡು.

ಅವನು ಸಿಟ್ಟಾಗಲಿಲ್ಲ, ಅಗಿಯುತ್ತಿದ್ದ ರೊಟ್ಟಿಯನ್ನು ನುಂಗಿದ. “ಏಳು ವರ್ಷ ನನ್ನ ಪಿನ್ನು ಅಳದ್ರಿ. ನನ್ನ ಅಳ್ಯಾಕ ಬ್ಯಾರೆ ಗೇಜು ತಂದ್ರೇನ್ರಿ ಸರ್ರ?” ಬುತ್ತಿಯ ಬಟ್ಟೆ ಕಟ್ಟಿದ. “ಆಂವ ರೈಲಿನ ಫೋಟೊ ತೆಗ್ಯಾಂವ್ರಿ. ಕಂಪ್ಯೂಟರ್ ಕೆಲಸದಾಂವ, ಮನಿಯಿಂದಽ ಕೆಲಸ. ನಾ ಬರೋದ್ರಾಗ ಗಾಡಿ ಹೋಗಿದ್ರ ಫೋಟೊ ತೋರಸ್ತಾನ. ಬ್ಯಾರೆ ಶೆಡ್ಡಿನವರು ಕರದಿದ್ದು ಖರೇ. ಅವರು ಕರ್ಯಾಕತ್ತಿ ಆರು ತಿಂಗಳಾತು, ನಾ ಒಲ್ಲೆ ಅಂದಿದ್ದೆ. ನೀವು ಆರ್ಡರ್ ಐತಿ ಅಂದ್ರಲ್ಲ, ಅವತ್ತಽ ಇಲ್ಲಿ ಏನೋ ಮುಚ್ಚಿಡಾಕತ್ತಾರ ಅಂತ ತಿಳೀತು. ನಿನ್ನಿ ಸಂಜಿಮುಂದ ಫೋನ್ ಮಾಡಿ ಹೂಂ ಅಂದೆ.”

“ಈಗ ಬೇಡ ಅನ್ನು.”

“ಒಮ್ಮೆ ಹೂಂ ಅಂದದ್ದು ಹೂಂ ರಿ.”

ಶನಿವಾರ ಅವನು ಮೆಷಿನ್ನನ್ನು ಕೊನೆಯ ಸಲ ಒರೆಸಿ, ಎಣ್ಣೆ ಸವರಿ, ನೀಲಿ ಟಾರ್ಪಾಲು ಹೊದಿಸಿ ನಾಲ್ಕೂ ಮೂಲೆಗೆ ಗಂಟು ಹಾಕಿದ. ನಾನು ಮಾಲೀಕರಿಗೆ ನಡೆದದ್ದನ್ನು ನಡೆದಂತೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂದಿನಿಂದ ನಾನು ಊಟದ ಬಿಡುವಿನಲ್ಲಿ ಹಳಿಯ ಹತ್ತಿರ ಹೋಗುತ್ತೇನೆ. ಹನ್ನೆರಡು ನಲವತ್ತಕ್ಕೆ ಕಟ್ಟೆ, ಹನ್ನೆರಡು ಐವತ್ತಕ್ಕೆ ಸ್ಕೂಟರು. ಡೈರಿಯಲ್ಲಿ ದಿನಕ್ಕೊಂದು ಸಾಲು. ಸಿಮೆಂಟು ಹೋಯಿತು, ಎಣ್ಣೆಯ ಟ್ಯಾಂಕುಗಳು ಹೋದವು, ಮುಚ್ಚಿದ ಬೋಗಿಗಳು ಹೋದವು. ಮುಚ್ಚಿದ ಬೋಗಿಗಳನ್ನು ಕಂಡರೆ ಅವುಗಳ ಒಳಗೆ ಏನಿದೆಯೋ ಎಂದು ಕಿರಿಕಿರಿಯಾಗುತ್ತಿತ್ತು. ಹೆಲ್ಮೆಟ್ಟಿನವನು ಬರುತ್ತಿದ್ದ, ಆದರೆ ನಾನು ಬಂದ ಕೂಡಲೇ ಕಟ್ಟೆಯಿಂದ ಎದ್ದು ಹೊಂಗೆ ಮರದ ಆಚೆಗೆ ಹೋಗಿ ನಿಲ್ಲುತ್ತಿದ್ದ.

ಹದಿನಾರನೆಯ ದಿನ, ಕಪ್ಪು ಹೊಗೆ ಬಿಡುತ್ತ ಬಂದ ಒಂದು ಗೂಡ್ಸಿನ ಹಿಂಬದಿಯಲ್ಲಿ, ತೆರೆದ ಬೋಗಿಗಳ ಮೇಲೆ ಸರಪಳಿ ಬಿಗಿದ ಹಳದಿ ಯಂತ್ರಗಳು. ನಾನು ಎದ್ದು ನಿಂತು ಎಣಿಸಿದೆ. ಹನ್ನೊಂದು. ತಕ್ಷಣ ನಮ್ಮವನಿಗೆ ಫೋನು ಹಚ್ಚಿದೆ.

“ಹನ್ನೊಂದು ಹೋದವು,” ಎಂದೆ. ಹೆಸರು ಕೂಡ ಹೇಳಲಿಲ್ಲ.

ಆ ಕಡೆ ಮೆಷಿನ್ನಿನ ಸದ್ದು. ಬೇರೆಯವರ ಮೆಷಿನ್ನು. “ನೀವಽ ಎಣಿಸಿದ್ರೇನ್ರಿ?”

“ನಾನೇ.”

“ಬ್ಯಾರೆ ಯಾರರ ನೋಡ್ಯಾರೇನ್ರಿ? ಫೋಟೊ ಐತೇನ್ರಿ? ಇದ್ರ ಕಳಸ್ರಿ.”

ಎಣಿಸುವ ಭರದಲ್ಲಿ ನಾನು ಫೋಟೊ ತೆಗೆದಿರಲಿಲ್ಲ. ಮರದ ಆಚೆಗೆ ಹೋದೆ. ಹೆಲ್ಮೆಟ್ಟಿನವನು ಕ್ಯಾಮೆರಾವನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ.

“ಒಂದು ಫೋಟೊ ಬೇಕಿತ್ತು. ಈಗ ಹೋದ ಗಾಡಿದು.”

“ಯಾಕ್ ಸಾರ್?”

“ಹಳದಿ ಯಂತ್ರ ಎಣಿಸ್ಬೇಕು.”

“ಅಂಕಲ್, ಬೇಜಾರ್ ಮಾಡ್ಕೋಬೇಡಿ. ನೀವು ಯಾರು? ನನ್ ಬೈಕ್ ನಂಬರ್ ಬರ್ಕೊಂಡ್ರಂತೆ. ಟೀ ಅಂಗಡಿ ಅಜ್ಜಿ ಹೇಳಿದ್ರು. ಸಾಲ ವಸೂಲಿ ಏಜೆಂಟಾ? ರೈಲ್ವೆ ಪೊಲೀಸಾ?”

ನಾನು ಡೈರಿ ತೆಗೆದು ಆ ಹಾಳೆ ತೋರಿಸಿ, ಅವನ ಎದುರಿಗೇ ಹರಿದು ಅವನ ಕೈಗೆ ಕೊಟ್ಟೆ. ಅವನು ಹಾಳೆಯ ಎರಡೂ ಬದಿ ನೋಡಿದ, ಡೈರಿಯ ಮುಂದಿನ ಹಾಳೆಗಳನ್ನೂ ತಿರುವಿ ಹಾಕಿದ. ಎಲ್ಲ ಕಡೆ ಸೊನ್ನೆಗಳೇ ಇದ್ದವು. ಆಮೇಲೆ ಫೋಟೊ ಕಳಿಸಿದ.

ಅದನ್ನು ನಮ್ಮವನಿಗೆ ದಾಟಿಸಿ ಶೆಡ್ಡಿಗೆ ಬಂದಾಗ ಒಂದೂ ಹತ್ತು. ಫೋನು ಕಿಣಿಗುಟ್ಟಿತು: “ಒಂಬತ್ತ ಕಾಣ್ತಾವ್ರಿ. ಇನ್ನೆರಡು?”

ದೊಡ್ಡದು ಮಾಡಿ ನೋಡಿದೆ. ಕೊನೆಯ ಎರಡು ಹೊಂಗೆ ಮರದ ಹಿಂದೆ ಇದ್ದವು. ಹಾಗೆಂದೇ ಬರೆದೆ. ಅದು ನಿಜ. ಆದರೆ ಅಂಥ ಉತ್ತರ ನನ್ನ ತಪಾಸಣೆಯ ಮೇಜಿಗೆ ಬಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಅವನು ಓದಿದ ಗುರುತಾಗಿ ಎರಡು ನೀಲಿ ಗೀಟು ಬಂದವು. ಉತ್ತರ ಬರಲಿಲ್ಲ.

ಸೋಮವಾರ ನಾನು ಹೋಗುವಷ್ಟರಲ್ಲಿ ಅವನು ಕಟ್ಟೆಯ ಮೇಲೆ ಇದ್ದ. ಹೊಸ ಶೆಡ್ಡಿನ ಸಮವಸ್ತ್ರ, ಹಳೆಯ ಬುತ್ತಿ. ನಾನು ಇನ್ನೊಂದು ತುದಿಯಲ್ಲಿ ಕೂತೆ. ಕೆಳಗಿನಿಂದ ಗೌಡ್ತಿ ಎರಡು ಲೋಟ ತೋರಿಸಿ ಸನ್ನೆ ಮಾಡಿದಳು. ಅವನೇ ಹೂಂ ಎಂದ.

“ಇವತ್ತು ಗಾಡಿ ಬರ್ತಾವೇನ್ರಿ ಸರ್ರ?”

“ಗೊತ್ತಿಲ್ಲ.”

“ಬಂದ್ರ ನಿಮಗ ಆರ್ಡರ್ ಬರ್ತೈತೇನ್ರಿ?”

“ಅದೂ ಗೊತ್ತಿಲ್ಲ.”

ಅವನು ತಿರುಗಿ ನನ್ನ ಮುಖವನ್ನು ಅಂದು ಮೆಷಿನ್ನಿನ ಹಿಂದೆ ನೋಡಿದ ಹಾಗೆಯೇ ದಿಟ್ಟಿಸಿ ನೋಡಿದ. “ಈ ಮಾತರ ಖರೇ ಇದ್ದಂಗೈತಿ,” ಎಂದ. ಜೇಬಿನಿಂದ ಹಸಿರು ರಟ್ಟು ತೆಗೆದು ತೊಡೆಯ ಮೇಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಹಳಿಯ ಕಡೆ ಮುಖ ಮಾಡಿ ಕೂತ.