ಬ್ಯಾರನ್ನಿನ ಕಿಂಡಿಯ ಪಕ್ಕದ ಗೂಡು

ಹುಣಸೂರಿನಿಂದ ಗುರುಪುರದ ಕಡೆಗೆ ಹೋಗುವ ದಾರಿಯಲ್ಲಿ ನನ್ನ ಅಕ್ಕನ ಊರು. ಅವರ ಹೊಲದ ಅಂಚಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ಎತ್ತರದ ನಾಲ್ಕು ಗೋಡೆ, ಒಂದು ಬಾಗಿಲು, ಸೂರಿನ ಕೆಳಗೆ ಗಾಳಿಗೆಂದು ಬಿಟ್ಟ ಕಿಂಡಿಗಳು, ಹೊರಗಿನಿಂದ ಸೌದೆ ಹಾಕುವ ಒಲೆ. ಸೊಪ್ಪಿನ ಕಾಲ ಮುಗಿದ ಮೇಲೆ ಅದು ಖಾಲಿ. ಕಿಂಡಿಗಳ ಹಲಗೆಯನ್ನು ಭಾವ ಮುಚ್ಚುವುದಿಲ್ಲ.

ಆ ವರ್ಷ ಬೇಸಿಗೆಯ ಮೊದಲ ಮಳೆ ಬಿದ್ದಾಗ ಒಂದು ಜೋಡಿ ಅಂಬರಗುಬ್ಬಿ ಕಿಂಡಿಯಿಂದ ಒಳಗೆ ಬಂದವು. ಕಡುನೀಲಿ ಬೆನ್ನು, ಸೊಂಟದ ಮೇಲೆ ಇಟ್ಟಿಗೆ ಬಣ್ಣದ ಪಟ್ಟಿ, ಕವಲೊಡೆದ ಬಾಲ. ಕೆರೆಯಂಚಿನ ಕೆಸರನ್ನು ಕೊಕ್ಕಿನಲ್ಲಿ ಉಂಡೆ ಉಂಡೆಯಾಗಿ ತಂದು, ಮೇಲಿನ ತೊಲೆಯ ಕೆಳಗೆ, ಅಡ್ಡ ಮಲಗಿಸಿದ ಹೂಜಿಯಂಥ ಗೂಡನ್ನು ಕಟ್ಟತೊಡಗಿದವು. ನಡುವೆ ಮಳೆ ನಿಂತು ಕೆಸರು ಒಣಗಿತು, ಕೆಲಸವೂ ನಿಂತಿತು. ಮೊಟ್ಟೆಯೊಡೆದು ಮರಿಗಳು ಹೊರಬರುವ ಹೊತ್ತಿಗೆ ಆಷಾಢದ ಗಾಳಿ ಶುರುವಾಗಿತ್ತು.

ಪತ್ರಿಕೆಯ ಕೆಲಸಕ್ಕೆ ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಬೆಳಕು ಬರುತ್ತಿದ್ದುದು ಕಿಂಡಿಯಿಂದ ಮಾತ್ರ. ತಾಯಿ ಬಂದರೆ ಮೊದಲು ಬೆಳಕು ಆರುತ್ತಿತ್ತು, ಆಮೇಲೆ ಹೂಜಿಯ ಕತ್ತಿನಲ್ಲಿ ಹಳದಿ ಬಾಯಿಗಳು ತೆರೆದುಕೊಳ್ಳುತ್ತಿದ್ದವು. ಮರಿಗಳಿಗೆ ಹೆದರಿಕೆಯಾಗದಿರಲೆಂದು ಫ್ಲ್ಯಾಶ್ ಬಳಸುತ್ತಿರಲಿಲ್ಲ. ಹತ್ತು ತೆಗೆದರೆ ಒಂಬತ್ತು ಮಸುಕು.

ಕಾಫಿ ತಂದ ಅಕ್ಕ ಬಾಗಿಲಲ್ಲೇ ನಿಂತು, “ನನ್ ಮದ್ವೇಲಿ ಒಂದಷ್ಟು ಫೋಟೋ ತಗಿಯೋ ಅಂದ್ರೆ ರೀಲ್ ಖಾಲಿ ಅಂದೋನು ನೀನು. ಈಗ ಗುಬ್ಬಿ ಬಾಣಂತನಕ್ಕೆ ಕಾವಲು ಕೂತಿದ್ದೀಯ” ಎನ್ನುತ್ತಿದ್ದಳು.

ಹೊಲದಲ್ಲಿ ಬುಡದ ಎಲೆ ಹಣ್ಣಾಯಿತು. ಬ್ಯಾರನ್ ಬೇಕಾಯಿತು.

“ಗೂಡ ಮೆತ್ತಗೆ ಬಿಡಿಸಿ ಚಪ್ಪರದ ಕೆಳಗೆ ಕಟ್ಬುಡನ” ಎಂದರು ಭಾವ.

ಅಕ್ಕ ಒಪ್ಪಲಿಲ್ಲ. “ಒಳಿಕ್ಕೆ ಬಂದು ಗೂಡ್ ಕಟ್ಟವೆ ಅಂದ್ರೆ ಲಕ್ಷ್ಮಿ ಬಂದಂಗೆ. ಯಾರೂ ಅದುಕ್ಕೆ ಕೈ ಹಾಕ್‌ಕೂಡ್ದು.”

ಭಾವ ನನ್ನ ಕಡೆ ತಿರುಗಿದರು. “ಯಾವಾಗ ಆರ್ತವೋ ಇವು?”

ರೆಕ್ಕೆ ಬಲಿಯುತ್ತಿದೆ, ಹಾರಲು ಇನ್ನೊಂದು ವಾರ ಬೇಕಾಗಬಹುದು ಎಂದೆ. ಅವರು ಕೆಲವು ದಿನ ಕಾದರು. ಆಮೇಲೆ ಬಿಡದೆ ಜಡಿಮಳೆ ಹಿಡಿದು ಎಲೆಯ ಮೇಲೆ ಚುಕ್ಕೆ ಬೀಳತೊಡಗಿತು. ಗಿಡದಿಂದ ಎಲೆ ಮುರಿಸಲೇಬೇಕಾಯಿತು. ಮುರಿದ ಸೊಪ್ಪು ಅವತ್ತೇ ಕೋಲಿಗೆ ಕಟ್ಟಿಸಿಕೊಂಡು ಬ್ಯಾರನ್ ಸೇರಬೇಕು, ಇಲ್ಲವಾದರೆ ರಾಶಿಯಲ್ಲೇ ಕಾವು ಏರಿ ಕೆಡುತ್ತದೆ.

ಭಾವ ಒಂದು ದಾರಿ ಹುಡುಕಿದರು. ಮೊದಲ ದಿನಗಳಲ್ಲಿ ಎಲೆ ಹಳದಿಗೆ ತಿರುಗಲು ಸಣ್ಣ ಬಿಸಿ ಸಾಕು, ಆದರೆ ಒಳಗಿನ ತೇವ ಹೋಗದಂತೆ ಕಿಂಡಿ ಮುಚ್ಚಿರಬೇಕು. ಗೂಡಿನ ಪಕ್ಕದ ಒಂದು ಕಿಂಡಿಯನ್ನು ಮಾತ್ರ ತೆರೆದಿಡುವುದು, ಗೂಡಿನ ಹತ್ತಿರದ ಸಾಲಿಗೆ ಕೋಲು ಏರಿಸದಿರುವುದು ಎಂದಾಯಿತು.

“ದೊಡ್ಡ ಬಿಸಿ ಕೊಡೋ ಅಷ್ಟೊತ್ಗೆ ಆರೋಗಿರ್ತವೆ ಬುಡು” ಎಂದರು.

ಅಕ್ಕ ಒಲೆಯ ಬಾಯಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಕಿಂಡಿಯತ್ತಲೂ ಒಮ್ಮೆ ಕೈ ಮುಗಿದಳು. ಭಾವ ಒಲೆ ಹಚ್ಚಿದರು.

ಮೊದಲ ದಿನ ತಂದೆ ತಾಯಿ ಎರಡೂ ಒಳಗೆ ಹೋಗಿ ಬರುತ್ತಿದ್ದವು. ಮರುದಿನ ಮಧ್ಯಾಹ್ನ ನಾನು ಹೊರಗೆ ಏಣಿಯ ಮೇಲಿದ್ದೆ. ತಾಯಿ ಹುಳು ಕಚ್ಚಿಕೊಂಡು ಕಿಂಡಿಯವರೆಗೆ ಬಂದು, ಗಾಳಿಯಲ್ಲೇ ರೆಕ್ಕೆ ಬಡಿದು, ಹಿಂದಕ್ಕೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು. ಕಿಂಡಿಯಿಂದ ಏಳುತ್ತಿದ್ದ ಬಿಸಿಗಾಳಿಗೆ ಲೆನ್ಸಿನೊಳಗೆ ಗೋಡೆಯೇ ಅಲುಗುತ್ತಿತ್ತು. ಒಳಗೆ ಬಿಸಿ ಹೆಚ್ಚಾಗಿದೆ ಎಂದು ಭಾವನಿಗೆ ಕೂಗಿ ಹೇಳಿದೆ.

ಅವರು ಬಾಗಿಲಿನ ಸಣ್ಣ ಗಾಜಿನಲ್ಲಿ ಇಣುಕಿ ಥರ್ಮಾಮೀಟರ್ ನೋಡಿದರು. “ಎಳೇ ಬಿಸಿನೇ ಕಣೋ.”

ಥರ್ಮಾಮೀಟರ್ ತೂಗುತ್ತಿದ್ದುದು ಕೆಳಗಿನ ಸಾಲಿನಲ್ಲಿ, ಆಳಿನ ಎತ್ತರಕ್ಕೆ. ಎಲ್ಲ ಬ್ಯಾರನ್ನುಗಳಲ್ಲೂ ಅದು ಅಲ್ಲೇ. ಗೂಡು ಇದ್ದುದು ಬಿಸಿ ಏರಿ ಸೇರುವ ಸೂರಿನಲ್ಲಿ.

ಸಂಜೆಗೆ ಚಿಲಿಪಿಲಿ ನಿಂತಿತು. ಅಕ್ಕ ಹಿತ್ತಲಿಂದ ಬಂದು, “ಆರೋದ್ವಾ?” ಎಂದಳು. ಹಾರಿದ್ದನ್ನು ನಾನು ನೋಡಲಿಲ್ಲ ಎಂದೆ.

“ಒಲೆ ಆರಿಸ್ಲಾ?” ಭಾವ ಕೇಳಿದರು, ಅವಳನ್ನು.

ಆರಿಸಿದರೆ ಒಳಗಿದ್ದ ಸೊಪ್ಪೆಲ್ಲ ಕಪ್ಪಾಗುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಅಕ್ಕ ತಿರುಗಿ ಮನೆ ಕಡೆ ಹೋದಳು. ಭಾವ ಇನ್ನೊಂದು ಸೌದೆ ನೂಕಿದರು.

ಸೊಪ್ಪು ಬೆಂದು ಬ್ಯಾರನ್ ಆರಿದ ಮೇಲೆ ಬಾಗಿಲು ತೆರೆದರು. ಕಿಂಡಿಯ ಆಸುಪಾಸಿನ ಎಲೆ ಹಳದಿಯಾಗದೆ ಹಸಿರಾಗಿಯೇ ಒಣಗಿತ್ತು. ಗೂಡಿನ ನೇರಕ್ಕೆ, ಕೆಳಸಾಲಿನ ಎಲೆಗಳ ನಡುವೆ ಎರಡು ಮರಿಗಳು ಸಿಕ್ಕವು. ಕೊಕ್ಕು ತೆರೆದಿತ್ತು, ಬಾಲ ಆಗಷ್ಟೇ ಕವಲೊಡೆಯುತ್ತಿತ್ತು. ಅವೂ ಎಲೆಯಷ್ಟೇ ಹಗುರವಾಗಿದ್ದವು. ಇನ್ನೊಂದು ಹೂಜಿಯ ಕತ್ತಿನಲ್ಲೇ ಸಿಕ್ಕಿಕೊಂಡಿತ್ತು. ಭಾವ ಏಣಿ ಹತ್ತಿ ಅದನ್ನು ತೆಗೆದು ಕೊಟ್ಟು, ಮೇಲೆಯೇ ನಿಂತರು.

“ಕೆಳಗೆ ಬಿಸಿ ಸರ್ಯಾಗೇ ಇತ್ತಲ್ಲೋ” ಎಂದರು.

ಅಕ್ಕ ಮೂರನ್ನೂ ಸೆರಗಿನಲ್ಲಿ ಹಾಕಿಕೊಂಡು ಹೋಗಿ ಬದುವಿನಲ್ಲಿ ಹೂತಳು. ಆ ಕಾಲದ ಸೊಪ್ಪು ಮುಗಿಯುತ್ತಲೇ ಕಿಂಡಿಗಳಿಗೆಲ್ಲ ತಂತಿ ಜಾಲರಿ ಹೊಡೆಸಿದಳು.

ಮುಂದಿನ ಬೇಸಿಗೆಯಲ್ಲಿ ನಾನು ಹೋದಾಗ ಜಾಲರಿಯ ಅಂಚಿಗೆ ಹೊರಗಿನಿಂದ ಹಸಿ ಕೆಸರಿನ ಉಂಡೆಗಳು ಅಂಟಿದ್ದವು. ಬಿಸಿ ಹೊರಬೀಳುವ ಜಾಗವೇ ಅದು. ಅಕ್ಕ ಬಿದಿರು ಗಳದ ತುದಿಗೆ ಪೊರಕೆ ಕಟ್ಟಿಕೊಂಡು ಬಂದು ಎಲ್ಲ ಕೆಡವಿದಳು. ದಿನಾ ಬೆಳಗ್ಗೆ ಇದೇ ಕೆಲಸ ಎಂದರು ಭಾವ.

“ಲಕ್ಷ್ಮಿ ಅಂತಿದ್ದೆ?” ಎಂದೆ.

“ಅಂತಿದ್ದೆ. ಒಳಗೆ ಕೂರ್ಸಿ ಬೇಯಿಸ್ದೆ.” ಪೊರಕೆಯ ಕೆಸರನ್ನು ನೆಲಕ್ಕೆ ಬಡಿದಳು. “ಇದ್ನೂ ತಗ್ಕೊ ಫೋಟೋವ.”

ತೆಗೆದೆ. ಕರೆಂಟು ತಂತಿಯ ಮೇಲೆ ಎರಡು ಹಕ್ಕಿ ಕೂತಿದ್ದವು. ಒಂದರ ಕೊಕ್ಕಿನಲ್ಲಿ ಕೆಸರು ಹಾಗೇ ಇತ್ತು. ಅಕ್ಕ ಮಾತ್ರ ಅತ್ತ ನೋಡಲಿಲ್ಲ.

“ಆರೋದ್ವಾ?” ಎಂದಳು.

“ಇಲ್ಲ, ಅಲ್ಲೇ ಕೂತಿವೆ.”

ಅವಳು ಗಳವನ್ನು ಕೆಳಗಿಡಲಿಲ್ಲ.