ಎಂಟು ದಿನಕ್ಕೆ ಖಾಲಿಯಾಗುತ್ತಿದ್ದ ಹಲ್ಲಿನ ಪುಡಿ

ಯಾರಾದರೂ ಯಾವುದನ್ನಾದರೂ ಬಾಯ್ತುಂಬ ಹೊಗಳಿದರೆ ನನಗೆ ಮೊದಲು ಬರುವುದು ಅನುಮಾನ. ಅಥಣಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಬ್ಬಿನ ರಸ ಪರೀಕ್ಷಿಸುವುದು ನನ್ನ ಕೆಲಸ. ಮಾದರಿಗೆಂದು ರೈತರು ತರುವ ಕಬ್ಬಿನ ಗಳ ಯಾವಾಗಲೂ ಇಡೀ ಹೊಲದಲ್ಲೇ ಚೆಂದದ್ದು. ಅದಕ್ಕೇ ನಾನೇ ಹೊಲದೊಳಗೆ ನುಗ್ಗಿ, ನಡುವಿನ ಸಾಲಿನಿಂದ ಮುರಿದು ತರುತ್ತೇನೆ. ಮನೆಯವರು ಇದನ್ನು ಹುಳುಕು ಬುದ್ಧಿ ಎನ್ನುತ್ತಾರೆ. ಎನ್ನಲಿ.

ಕಳೆದ ವರ್ಷ ನನ್ನ ತಂಗಿಗೆ ಈ ಹುಳುಕು ಬುದ್ಧಿಯೇ ಬೇಕಾಯಿತು. ಅವಳು ಚಿಕ್ಕೋಡಿಯ ಒಂದು ಹಲ್ಲಿನ ದವಾಖಾನೆಯಲ್ಲಿ ಡಾಕ್ಟರಿಗೆ ಸಹಾಯಕಿ. ಬೇವು, ಜಾಲಿ ತೊಗಟೆ, ಲವಂಗ, ಸೈಂಧವ ಉಪ್ಪು ಕುಟ್ಟಿ ಮನೆಯಲ್ಲೇ ಹಲ್ಲಿನ ಪುಡಿ ಮಾಡಿದ್ದಳು. ನಿಪ್ಪಾಣಿ, ಕಬ್ಬೂರಿನ ಪರಿಚಯದ ಹೆಂಗಸರಿಗೆ ಪುಕ್ಕಟೆ ಹಂಚಿದ್ದಳು. ಒಂದು ಡಬ್ಬಿ ಒಬ್ಬರಿಗೆ ತಿಂಗಳು ಬರಬೇಕು. ಎಂಟು ದಿನಕ್ಕೇ ಇನ್ನೊಂದು ಕೊಡು ಎಂದು ಫೋನು ಬರತೊಡಗಿತು. ಇವಳು ನೆಲದ ಮೇಲೆ ನಿಲ್ಲಲಿಲ್ಲ. ಸ್ಟಾರ್ಟಪ್ ಅಂದಳು, ‘ನೂರಕ್ಕೆ ನೂರು ನೈಸರ್ಗಿಕ’ ಎಂದು ಚೀಟಿ ಅಚ್ಚು ಹಾಕಿಸಿದಳು.

“ಅಕ್ಕಾ, ಒಮ್ಮಿ ನೀನ ಹೋಗಿ ನೋಡಿ ಬಾ. ನೀ ಹೂಂ ಅಂದ್ರ ನಾ ನೌಕರಿ ಬಿಡ್ತೀನಿ” ಎಂದಳು.

ಗಂಡನಿಲ್ಲದ ಮನೆಯನ್ನು ಅವಳು ನಡೆಸುತ್ತಿದ್ದುದೇ ಆ ನೌಕರಿಯಿಂದ.

ರವಿವಾರ ಹೊರಟೆ. ನಿಪ್ಪಾಣಿಯಲ್ಲಿ ಮೊದಲ ಮನೆಯವಳು “ಏಕದಮ್ ಭಾರಿ ಐತ್ರಿ ಅಕ್ಕಾರ” ಎಂದಳು. ಎರಡನೆಯವಳೂ ಅದನ್ನೇ ಅಂದಳು. ಮೂರನೆಯವಳು ನಾನು ಕೇಳುವ ಮೊದಲೇ ಅಂದಳು. ಉಪ್ಪು ಹೆಚ್ಚಾಯಿತು, ಒಸಡು ಉರಿಯಿತು ಎಂದು ಒಬ್ಬರಾದರೂ ಅನ್ನಬೇಕಲ್ಲ? ಪುಡಿಯನ್ನು ಇವರು ಪಾತ್ರೆ ತಿಕ್ಕಲು ಬಳಸುತ್ತಾರೆಯೇ ಎಂದುಕೊಂಡು ಒಂದು ಮನೆಯಲ್ಲಿ ನೀರು ಕೇಳುವ ನೆಪದಲ್ಲಿ ತಂಬಿಗೆಯನ್ನೂ ಮೂಸಿದೆ. ಏನೂ ಸಿಗಲಿಲ್ಲ.

ಕಬ್ಬೂರಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಚಹಾಕ್ಕೆ ಕರೆದಳು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದೆ. ಗೂಡಿನಲ್ಲಿ ತಂಗಿಯ ಡಬ್ಬಿ. ಮುಚ್ಚಳ ತೆಗೆದೆ. ಕಂದು ಬಣ್ಣದ್ದಾಗಿರಬೇಕಿದ್ದ ಪುಡಿ ಕರ್ರಗಿತ್ತು. ಮೊದಲು ಲವಂಗ ಮೂಗಿಗೆ ಬಡಿಯಿತು, ಹಿಂದೆಯೇ ಸುಟ್ಟ ತಂಬಾಕು. ಮಶೇರಿ! ತಂಬಾಕನ್ನು ಹಂಚಿನ ಮೇಲೆ ಹುರಿದು ಪುಡಿ ಮಾಡಿ ಹಲ್ಲಿಗೆ ತಿಕ್ಕುವುದು ನಮ್ಮ ಕಡೆಯ ಹೆಂಗಸರ ಹಳೆಯ ಚಟ.

ಡಬ್ಬಿ ಹಿಡಿದೇ ಹೊರಗೆ ಬಂದೆ. ಅವಳು ನಾಚಲೂ ಇಲ್ಲ.

“ಅರ್ಧಾ ಅದು, ಅರ್ಧಾ ಇದು ತಾಯಿ. ಬರೇ ಮಶೇರಿ ಹಚ್ಚಿದ್ರ ಮಗಾ ವಾಸ್ನಿ ಹಿಡದ ಬೈತಾನ. ಇದನ್ನ ಕೂಡಿಸಿದ್ರ ಯಾರಿಗೂ ಗೊತ್ತಾಗಂಗಿಲ್ಲ. ದಿನಾ ನಾಕ ಸಲ ಹಚ್ಚಿದ್ರೂ ಬೇಫಿಕರ್. ಎಲ್ಲಾರೂ ಹಂಗ ಮಾಡಾಕತ್ತಾರ.”

ಬಸ್ಸಿನಲ್ಲಿ ಕೂತಾಗ ನನಗೆ ತಂಗಿಯ ಮೇಲೂ ಅನುಮಾನ ಬಂತು. ಇಷ್ಟು ವರ್ಷ ಜನರ ಬಾಯಿ ನೋಡಿದವಳಿಗೆ ಇದು ತಿಳಿಯದೇ ಇದ್ದೀತೆ? ವ್ಯಾಪಾರವೇನೋ ಭರ್ಜರಿಯಾಗಿ ನಡೆಯುತ್ತದೆ. ಮಶೇರಿ ಇರುವವರೆಗೂ ನಡೆಯುತ್ತದೆ. ತಂಬಾಕೂ ನೂರಕ್ಕೆ ನೂರು ನೈಸರ್ಗಿಕವೇ ತಾನೆ!

ಸಂಜೆ ತಂಗಿಯ ಮನೆಗೆ ಹೋಗಿ ಎಲ್ಲ ಹೇಳಿ, “ನಿನಗ ಗೊತ್ತಿತ್ತೇನ?” ಎಂದು ನೇರವಾಗಿ ಕೇಳಿದೆ.

“ಅವ್ವನಾಣಿ ಗೊತ್ತಿಲ್ಲಕ್ಕಾ. ತಿಕ್ಕಿ ತಿಕ್ಕಿ ಖಾಲಿ ಮಾಡ್ಯಾರ ಅಂದ್ಕೊಂಡಿದ್ನಿ.” ಮುಖ ಬಿಳುಚಿಕೊಂಡಿತ್ತು. ಮುಕ್ಕಾಲು ಪಾಲು ನಂಬಿದೆ.

ಆಮೇಲೆ ಅವಳು ಅವ್ವನಿಗೆ ಕೊಟ್ಟ ಡಬ್ಬಿಗಳನ್ನು ಲೆಕ್ಕ ಹಾಕಿದವಳಂತೆ ಎದ್ದು ಒಳಕೋಣೆಗೆ ಹೋದಳು. ನಾನೂ ಹಿಂದೆ ಹೋದೆ. ಅವ್ವ ತಂಗಿಯ ಜೊತೆಗೇ ಇರುತ್ತಾಳೆ. ತಂಗಿಗೆ ಮಗಳು ಹುಟ್ಟಿದಾಗಲೇ ಮಶೇರಿ ಬಿಟ್ಟೆನೆಂದು ಆಣೆ ಮಾಡಿದ್ದವಳು. ಅವಳ ದಿಂಬಿನ ಪಕ್ಕದಲ್ಲಿದ್ದ ಡಬ್ಬಿಯನ್ನು ತಂಗಿ ಮೂಸಿ ನೋಡಿ ನನ್ನ ಕೈಗೆ ಕೊಟ್ಟಳು. ಅದೇ ವಾಸನೆ. ಊರವರನ್ನೆಲ್ಲ ಅನುಮಾನಿಸಿದ ನಾನು ಈ ಕೋಣೆಗೆ ಒಮ್ಮೆಯೂ ಬಂದು ನೋಡಿರಲಿಲ್ಲ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

“ಅವ್ವಾ, ಬಾಯಿ ತಗಿ” ಎಂದಳು ತಂಗಿ, ಮೊಬೈಲಿನ ದೀಪ ಹಚ್ಚಿ.

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಡೆಗೂ ಬಾಯಿ ತೆಗೆದಾಗ, ಎಡ ಕೆನ್ನೆಯ ಒಳಗೆ ಉಗುರಿನಷ್ಟು ಅಗಲದ ಬಿಳಿ ಮಚ್ಚೆಯಿತ್ತು. ತಂಬಾಕಿನವರ ಬಾಯಲ್ಲಿ ಏಳುತ್ತದೆ, ಮುಂದೆ ಕ್ಯಾನ್ಸರ್ ಆಗಬಹುದು ಎಂದು ತಂಗಿ ಹೇಳುತ್ತಿದ್ದಂಥದ್ದೇ.

“ಎಷ್ಟ ದಿನ ಆತು?” ತಂಗಿ ಕೇಳಿದಳು.

“ಉರಿ ಇತ್ತು ಮೊದ್ಲ” ಎಂದಳು ಅವ್ವ. “ನಿನ್ನ ಪುಡಿಯೊಳಗಿನ ಲವಂಗಕ್ಕ ಉರಿನ ಗೊತ್ತಾಗಲಿಲ್ಲ. ಭಾಳ ಚಲೋ ಆತು ಮಗಳ.”